ಐವತ್ತು ದಾಟಿದ ಮೇಲೆ ಯಾವುದನ್ನು ಹಿಡಿಯಬೇಕು: ವಾಕಿಂಗೋ, ಯೋಗವೋ, ಬಸ್ಕಿಯೋ?

ಐವತ್ತು ದಾಟಿದವರಿಗೆ ಡಾಕ್ಟರು "ದಿನಾ ಸ್ವಲ್ಪ ವ್ಯಾಯಾಮ ಮಾಡ್ರಿ" ಅಂತ ಒಂದು ಮಾತು ಹೇಳಿ ಕಳಿಸುತ್ತಾರೆ. ಯಾವ ವ್ಯಾಯಾಮ, ಎಷ್ಟು ಹೊತ್ತು, ಯಾವಾಗ, ಇದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಅವರಿಗೂ ಇರುವುದಿಲ್ಲ. ಹಾಗಾಗಿ ನಮ್ಮ ವಿಜಯಪುರದ ಓಣಿಗಳಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬರು ನಸುಕಿನಲ್ಲೇ ಎದ್ದು ಗೋಳಗುಮ್ಮಟದ ಕಡೆ ನಡೆಯುತ್ತಾರೆ, ಇನ್ನೊಬ್ಬರು ಟಿವಿ ನೋಡಿ ಪ್ರಾಣಾಯಾಮ ಮಾಡುತ್ತಾರೆ, ಮತ್ತೊಬ್ಬರು ಮಗ ಕಟ್ಟಿದ ಫೀಸಿಗಾಗಿ ಜಿಮ್ಮಿಗೆ ಹೋಗುತ್ತಾರೆ, ಉಳಿದವರು "ನಾವು ಹೊಲದಾಗ ದುಡಿಯೋರು, ನಮಗ್ಯಾಕ ಬೇಕ್ರಿ ಅದೆಲ್ಲಾ" ಅಂದು ಕೈ ತೊಳೆದುಕೊಳ್ಳುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಾಕಿಂಗ್ ಒಳ್ಳೆಯದು, ಆದರೆ ಅದೊಂದೇ ಸಾಲದು. ವಯಸ್ಸಾದಂತೆ ಮೊದಲು ಕೈಕೊಡುವುದು ಕಾಲಿನ ಬಲ. ಅದನ್ನು ಉಳಿಸಿಕೊಳ್ಳದೆ ಬರೀ ನಡೆದರೆ ಅರ್ಧ ಕೆಲಸ ಮಾತ್ರ ಆದಂತೆ.

ಯಾಕೆ ಅಂದರೆ, ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ತೂಕ ಅಷ್ಟೇ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ, ಖಂಡ ಹೋದ ಜಾಗಕ್ಕೆ ಕೊಬ್ಬು ಬಂದಿರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲೋ ಜಾತ್ರೆಯ ದಾಸೋಹದಲ್ಲೋ ನೆಲದ ಮೇಲೆ ಕೂತು ಉಂಡ ಹಿರಿಯರು ಏಳುವುದನ್ನು ಒಮ್ಮೆ ಗಮನಿಸಿ. ಮೊದಲು ಬಲಗೈ ಹಿಂದಕ್ಕೆ ಊರುತ್ತಾರೆ, ಒಂದು ಮೊಣಕಾಲು ಮಡಚಿ ಪಕ್ಕಕ್ಕೆ ವಾಲುತ್ತಾರೆ, ಎಡಗೈ ಪಕ್ಕದವರ ಹೆಗಲು ಹುಡುಕುತ್ತದೆ, ಅರ್ಧ ಎದ್ದು ತೊಡೆ ಹಿಡಿದುಕೊಂಡು ಒಂದು ಗಳಿಗೆ ನಿಲ್ಲುತ್ತಾರೆ, ಆಮೇಲೆ ಸೊಂಟ ನೇರ ಮಾಡುತ್ತಾರೆ. ಇವರಲ್ಲಿ ಎಷ್ಟೋ ಜನ ದಿನಾ ಎರಡು ಮೂರು ಕಿಲೋಮೀಟರ್ ನಡೆಯುವವರೇ! ನಡೆಯುವ ಶಕ್ತಿ ಬೇರೆ, ಕೂತು ಏಳುವ ಶಕ್ತಿ ಬೇರೆ. ಮೊದಲೆಲ್ಲ ನೆಲದ ಮೇಲೆ ಕೂತೇ ರೊಟ್ಟಿ ಬಡಿಯುತ್ತಿದ್ದರು, ನೆಲದ ಮೇಲೇ ಊಟ, ಪಾಯಖಾನೆಯಲ್ಲೂ ಕುಕ್ಕರಗಾಲು. ದಿನಕ್ಕೆ ಎಷ್ಟೋ ಸಲ ತಾನಾಗಿ ಬಸ್ಕಿ ಆಗಿಬಿಡುತ್ತಿತ್ತು. ಈಗ ಗ್ಯಾಸ್ ಕಟ್ಟೆ, ಡೈನಿಂಗ್ ಟೇಬಲ್, ಕಮೋಡ್. ಅವು ಬೇಡ ಅನ್ನುತ್ತಿಲ್ಲ, ಆದರೆ ಕಳೆದುಕೊಂಡದ್ದನ್ನು ಬೇರೆ ಕಡೆಯಿಂದ ತುಂಬಿಕೊಳ್ಳಬೇಕು ಅಲ್ವಾ?

ಆರಿಸುವ ಮೊದಲು ಮನೆಯಲ್ಲೇ ಎರಡು ಪರೀಕ್ಷೆ

ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಪೂರ್ತಿ ಕೂಡಬಲ್ಲಿರಿ, ಎಣಿಸಿ. 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ ಕಡಿಮೆ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಕುಗ್ಗಿದೆ, ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. 65ರಿಂದ 69ರವರಿಗೆ ಈ ಗಡಿ 12 ಮತ್ತು 11. ಕೈ ಊರಿದರೆ ಮಾತ್ರ ಏಳಲು ಆಗುತ್ತದೆ ಅಂದರೆ ಅದು ಸೊನ್ನೆ. ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿಂದಲೇ ಶುರು ಮಾಡಿದರಾಯಿತು.

ಇನ್ನೊಂದು, ಗೋಡೆಯ ಪಕ್ಕ ನಿಂತು ಒಂದು ಕಾಲು ಎತ್ತಿ ಹತ್ತು ಸೆಕೆಂಡ್ ನಿಲ್ಲುವುದು. ಮನೆಯವರು ಯಾರಾದರೂ ಪಕ್ಕದಲ್ಲಿರಲಿ. ಬ್ರೆಜಿಲ್ಲಿನಲ್ಲಿ 51ರಿಂದ 75 ವಯಸ್ಸಿನ 1,702 ಜನರನ್ನು ಹೀಗೆ ನಿಲ್ಲಿಸಿ ನೋಡಿದರು, ಫಲಿತಾಂಶ 2022ರಲ್ಲಿ ಬಂತು. ಐವರಲ್ಲಿ ಒಬ್ಬರಿಗೆ ಹತ್ತು ಸೆಕೆಂಡ್ ನಿಲ್ಲಲು ಆಗಲಿಲ್ಲ, ಮುಂದಿನ ವರ್ಷಗಳಲ್ಲಿ ಸಾವು ಆ ಗುಂಪಿನಲ್ಲೇ ಹೆಚ್ಚಾಗಿ ಕಂಡಿತು. ಒಂಟಿ ಕಾಲಲ್ಲಿ ನಿಂತರೆ ಆಯುಷ್ಯ ಬೆಳೆಯುತ್ತದೆ ಅಂತ ಇದರ ಅರ್ಥ ಅಲ್ಲ. ದೇಹ ಒಳಗೆ ಹೇಗಿದೆ ಅನ್ನುವುದರ ಸುಳಿವು ಅಷ್ಟೇ.

ಕುರ್ಚಿಯಲ್ಲಿ ಸೋತವರು ಬಲದ ವ್ಯಾಯಾಮಕ್ಕೆ ಮೊದಲ ಜಾಗ ಕೊಡಿ. ಒಂಟಿ ಕಾಲಲ್ಲಿ ಸೋತವರು ಯೋಗದ ನಿಂತು ಮಾಡುವ ಆಸನಗಳಿಗೆ. ಎರಡರಲ್ಲೂ ಗೆದ್ದು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುವವರಿಗೆ ನಡಿಗೆ, ಸೈಕಲ್.

ವಾಕಿಂಗ್

ಖರ್ಚಿಲ್ಲ, ಕಲಿಯಬೇಕಿಲ್ಲ, ಜೊತೆಗೆ ನಾಲ್ಕು ಮಂದಿ ಸಿಗುತ್ತಾರೆ. ಹೃದಯ, ಬಿಪಿ, ಶುಗರ್, ಮನಸ್ಸು ಎಲ್ಲಕ್ಕೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಚುರುಕಿನ ಚಟುವಟಿಕೆ ಬೇಕು. ಚುರುಕು ಅಂದರೆ, ಮಾತಾಡಲು ಆಗಬೇಕು ಆದರೆ ಹಾಡಲು ಆಗಬಾರದು. ನಮ್ಮ ಎಷ್ಟೋ ಕಾಕಾ, ಮಾಮಾಗಳು ರಾಜಕೀಯ ಮಾತಾಡುತ್ತ, ಹತ್ತು ಹೆಜ್ಜೆಗೊಮ್ಮೆ ನಿಂತು ಕೈ ತಿರುಗಿಸುತ್ತ ನಡೆಯುತ್ತಾರೆ. ಅದು ಮನಸ್ಸಿಗೆ ಹಿತ, ಹೃದಯಕ್ಕೆ ಆಗುವ ಲಾಭ ಕಡಿಮೆ. ನಡುನಡುವೆ ಎರಡು ನಿಮಿಷ ಮಾತು ನಿಲ್ಲಿಸಿ ಬಿರುಸಾಗಿ ನಡೆದರೆ ಅದೇ ಅರ್ಧ ತಾಸಿನಲ್ಲಿ ಎರಡೂ ಸಿಗುತ್ತವೆ.

ಹತ್ತು ಸಾವಿರ ಹೆಜ್ಜೆಯ ಹಿಂದೆ ಬಿದ್ದು ಮೊಣಕಾಲು ನೋಯಿಸಿಕೊಳ್ಳುವವರಿಗೆ ಒಂದು ಮಾತು. ಆ ಅಂಕಿ ಬಳಕೆಗೆ ಬಂದದ್ದು 1965ರಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಜಾಹೀರಾತಿನಿಂದ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ನೋಡಿದಾಗ, ಅರವತ್ತು ದಾಟಿದವರಿಗೆ ದಿನಕ್ಕೆ 6,000ದಿಂದ 8,000 ಹೆಜ್ಜೆಗೇ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ, ಅದರಾಚೆ ನಡೆದರೂ ಅಷ್ಟೇನೂ ಏರುವುದಿಲ್ಲ ಅಂತ ಕಂಡಿತು. ಈಗ ಎರಡು ಸಾವಿರ ನಡೆಯುತ್ತಿದ್ದರೆ ನಾಲ್ಕಕ್ಕೆ ಹೋಗಿ. ಅದೇ ದೊಡ್ಡ ಲಾಭ.

ಊರು ಯಾವುದು ಅನ್ನುವುದೂ ಮುಖ್ಯ. ಬಾಗಲಕೋಟೆಯ ನವನಗರದಲ್ಲಿ ರಸ್ತೆ ಅಗಲ, ಸೆಕ್ಟರ್ ಸುತ್ತ ಒಂದು ಸುತ್ತು ಹೊಡೆದರೆ ಆಯಿತು. ಬೆಳಗಾವಿಯವರಿಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರದ ನೆರಳು ಇದೆ, ಕೋಟೆ ಕೆರೆ ಇದೆ, ಆದರೆ ಜೂನ್‌ನಿಂದ ಶುರುವಾದರೆ ಮಳೆ ಬಿಡುವುದಿಲ್ಲ. ಆಗ ವಾಕಿಂಗ್ ಒಂದನ್ನೇ ನಂಬಿದವರು ಮೂರು ತಿಂಗಳು ಮನೆಯಲ್ಲೇ ಕೂತುಬಿಡುತ್ತಾರೆ. ನಮ್ಮ ವಿಜಯಪುರದಲ್ಲಿ ತದ್ವಿರುದ್ಧ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಎಂಟು ಗಂಟೆಗೇ ನೆತ್ತಿ ಸುಡುತ್ತದೆ. ಹಾಗಾಗಿ ಯಾವ ಊರಿನವರೇ ಆಗಲಿ, ಮನೆಯೊಳಗೆ ಮಾಡುವಂಥದ್ದು ಒಂದು ಕೈಯಲ್ಲಿ ಇರಲೇಬೇಕು.

ಬಸ್ಕಿ, ಜಿಮ್, ಗರಡಿ: ಬಲದ ಕೆಲಸ

ಈ ಭಾಗದಲ್ಲಿ ಬಲದ ವ್ಯಾಯಾಮ ಹೊಸದೇನಲ್ಲ. ಊರೂರಿಗೆ ಗರಡಿ ಮನೆ ಇತ್ತು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಲು ಇಂದಿಗೂ ಜನ ಮುಗಿಬೀಳುತ್ತಾರೆ. ಆದರೆ ಅದು ಹುಡುಗರ ಕೆಲಸ, ನಲವತ್ತಾದ ಮೇಲೆ ಬಿಡಬೇಕು ಅನ್ನುವ ನಂಬಿಕೆ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ವಾರಕ್ಕೆ ಕನಿಷ್ಠ ಎರಡು ದಿನ ಬಲದ ವ್ಯಾಯಾಮ, 65 ದಾಟಿದವರಿಗೆ ವಾರಕ್ಕೆ ಮೂರು ದಿನ ಬಲದ ಜೊತೆಗೆ ಸಮತೋಲನದ್ದೂ ಬೇಕು ಅನ್ನುವುದು ಅದೇ ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎಂಬತ್ತು ತೊಂಬತ್ತರ ವಯಸ್ಸಿನಲ್ಲೂ ಮಾಂಸಖಂಡ ಬಲಗೊಳ್ಳುತ್ತದೆ. ಇದನ್ನು ತಿಳಿಯದೆ ಎಷ್ಟು ಜನ ಸುಮ್ನೆ ಹಾಸಿಗೆ ಹಿಡಿಯುತ್ತಾರೆ ಅಂತ ನೆನೆದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಮನೆಯಲ್ಲಿ ಮಾಡುವುದಾದರೆ ಮೂರು ಸಾಕು. ಕುರ್ಚಿಯಿಂದ ಎದ್ದು ಕೂಡುವುದು, ಹತ್ತು ಹತ್ತರಂತೆ ಎರಡು ಸಲ. ಕೂಡುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತ ನಿಧಾನ ಇಳಿಯಿರಿ, ನಿಜವಾದ ಬಲ ಬರುವುದು ಅಲ್ಲಿ. ಆಮೇಲೆ ಗೋಡೆಗೆ ಎರಡೂ ಕೈ ಊರಿ ದಂಡ ಹೊಡೆದಂತೆ ಎದೆ ಹತ್ತಿರ ತಂದು ಹಿಂದೆ ತಳ್ಳುವುದು. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು ಮೂರನೆಯದು. ಒಟ್ಟು ಹದಿನೈದು ನಿಮಿಷ. ಹಗುರ ಅನ್ನಿಸತೊಡಗಿದಾಗ ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದುಕೊಳ್ಳಿ.

ಜಿಮ್ಮಿನ ಲಾಭ ಏನು ಅಂದರೆ ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಬಹುದು, ಮಷೀನು ಬೆನ್ನಿಗೆ ಆಸರೆ ಕೊಡುತ್ತದೆ, ಹೇಳಿಕೊಡುವವರು ಇರುತ್ತಾರೆ. ಆದರೆ ಆ ಹೇಳಿಕೊಡುವವರು ಇಪ್ಪತ್ತೆರಡರ ಹುಡುಗನಿಗೆ ಹೇಳಿದ್ದನ್ನೇ ಅರವತ್ತೆರಡರವರಿಗೂ ಹೇಳುವಂಥವರಾದರೆ ಆ ಜಿಮ್ ಬೇಡ. ಸೇರುವ ಮೊದಲು ನಿಮ್ಮ ಬಿಪಿ, ಶುಗರ್, ಹಳೆಯ ನೋವು ಏನೇನಿದೆ ಅಂತ ಕೇಳಿದರೋ ಇಲ್ಲವೋ ನೋಡಿ. ಕೇಳದಿದ್ದರೆ ಅಲ್ಲಿಂದ ಎದ್ದು ಬನ್ನಿ. ಇನ್ನೊಂದು, ಭಾರ ಎತ್ತುವಾಗ ಉಸಿರು ಹಿಡಿಯಬೇಡಿ, ಬಿಪಿ ಒಮ್ಮೆಲೇ ಏರುತ್ತದೆ. ಎತ್ತುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ.

ಮೊಣಕಾಲು ಸವೆದಿದೆ ಅಂತ ಹೇಳಿಸಿಕೊಂಡವರು ಬಸ್ಕಿ ಅಂದರೆ ಹೆದರುತ್ತಾರೆ. ಪೂರ್ತಿ ಕೆಳಗೆ ಕೂಡುವುದು ಬೇಡ, ಒಪ್ಪಿದೆ. ಆದರೆ ತೊಡೆಯ ಮುಂಭಾಗದ ಖಂಡ ಗಟ್ಟಿಯಾದರೆ ಮೊಣಕಾಲಿನ ಮೇಲಿನ ಹೊರೆ ಇಳಿಯುತ್ತದೆ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರಕ್ಕೆ ಎತ್ತಿ ಐದು ಸೆಕೆಂಡ್ ಹಿಡಿದು ಇಳಿಸಿ, ಅಷ್ಟರಿಂದ ಶುರು ಮಾಡಬಹುದು. ನೋವು ಅಂತ ಪೂರ್ತಿ ಕೂತುಬಿಟ್ಟರೆ ಖಂಡ ಇನ್ನಷ್ಟು ಕರಗಿ ನೋವು ಇನ್ನಷ್ಟು ಜಾಸ್ತಿ ಆಗುತ್ತದೆ.

ಹೊಲದ ಕೆಲಸ ಮಾಡುವವರ ಮಾತಿಗೆ ಬರೋಣ. ಅದು ದೊಡ್ಡ ದುಡಿಮೆ, ನಡಿಗೆಯ ಲೆಕ್ಕ ಅದರಲ್ಲೇ ಮುಗಿದುಹೋಗುತ್ತದೆ. ಆದರೆ ಕಳೆ ತೆಗೆಯುವವರಿಗೆ ದಿನವಿಡೀ ಬಗ್ಗಿದ್ದೇ ಕೆಲಸ. ಸೊಂಟ ದಣಿಯುತ್ತದೆ, ಎದೆ ಭುಜ ಹಿಂದಕ್ಕೆ ಅಗಲಿಸುವ ಕೆಲಸ ಒಂದೂ ಇರುವುದಿಲ್ಲ. ಅಂಥವರಿಗೆ ಸಂಜೆ ಹತ್ತು ನಿಮಿಷ ಮೈ ಚಾಚುವ ಆಸನಗಳೇ ಸರಿ. ಬಸ್ಕಿ ಅಲ್ಲ.

ಯೋಗ ಮತ್ತು ಸೈಕಲ್

ಯೋಗದಲ್ಲಿ ಎರಡು ಬಗೆ ಜನ ಕಾಣುತ್ತಾರೆ. ಬರೀ ಪ್ರಾಣಾಯಾಮ ಮಾಡಿ ಯೋಗ ಆಯಿತು ಅನ್ನುವವರು ಒಂದು. ಉಸಿರಾಟ, ನಿದ್ರೆ, ಮನಸ್ಸಿಗೆ ಅದು ಒಳ್ಳೆಯದು, ಆದರೆ ಕಾಲಿಗೆ ಬಲ ಅದರಿಂದ ಬರುವುದಿಲ್ಲ. ಇನ್ನೊಂದು ಬಗೆಯವರು ನಿಂತು ಮಾಡುವ ತಾಡಾಸನ, ವೃಕ್ಷಾಸನ, ವೀರಭದ್ರಾಸನ ಮಾಡುತ್ತಾರೆ. ಸಮತೋಲನಕ್ಕೆ ಇದಕ್ಕಿಂತ ಒಳ್ಳೆಯದು ಕಡಿಮೆ ಖರ್ಚಿನಲ್ಲಿ ಇನ್ನೊಂದಿಲ್ಲ. ಬಿಪಿ ಇದ್ದವರು, ಕಣ್ಣಿನೊಳಗಿನ ಒತ್ತಡ (ಗ್ಲಾಕೋಮಾ) ಇದ್ದವರು ಶೀರ್ಷಾಸನದ ಗೊಡವೆಗೆ ಹೋಗಬೇಡಿ. ಮೊಣಕಾಲು ನೋವಿದ್ದರೆ ವಜ್ರಾಸನ, ಪದ್ಮಾಸನದಲ್ಲಿ ಹಟ ಮಾಡಬೇಡಿ, ಕುರ್ಚಿಯಲ್ಲಿ ಕೂತು ಮಾಡಿದರೂ ಆಗುತ್ತದೆ.

ವಿಜಯಪುರ, ಬಾಗಲಕೋಟೆ ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆಗಳು. ಮೈಭಾರ ಸೀಟಿನ ಮೇಲೆ ಬೀಳುವುದರಿಂದ ಮೊಣಕಾಲಿಗೆ ಸೈಕಲ್ ಹಗುರ, ದಮ್ಮು ಚೆನ್ನಾಗಿ ಬೆಳೆಯುತ್ತದೆ. ಆದರೆ ಅದೇ ಕಾರಣಕ್ಕೆ ಎಲುಬಿಗೆ ಕೆಲಸ ಸಿಗುವುದಿಲ್ಲ. ಎಲುಬು ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಬೇಕು. ಮುಟ್ಟು ನಿಂತ ಹೆಣ್ಣುಮಕ್ಕಳಿಗೆ ಎಲುಬು ಬೇಗ ಸವೆಯುವುದರಿಂದ ಅವರಿಗೆ ಸೈಕಲ್ಲಿಗಿಂತ ನಡಿಗೆ, ಮೆಟ್ಟಿಲು ಮತ್ತು ಬಲದ ವ್ಯಾಯಾಮವೇ ಮೇಲು. ಈಜಿಗೂ ಇದೇ ಮಾತು. ಮೆಟ್ಟಿಲು ಅಂದಾಗ ಗೋಳಗುಮ್ಮಟದ ಏಳು ಅಂತಸ್ತಿನ ಮಿನಾರು ನೆನಪಾಗುತ್ತದೆ. ವರ್ಷಕ್ಕೊಮ್ಮೆ ನೆಂಟರ ಜೊತೆ ಹತ್ತಿ ಪಿಸುಮಾತಿನ ಗ್ಯಾಲರಿ ನೋಡಿ, ತೊಂದರೆ ಇಲ್ಲ, ಆದರೆ ಇಳಿಯುವಾಗ ಮೊಣಕಾಲಿಗೆ ಬೀಳುವ ಪೆಟ್ಟು ಹತ್ತುವಾಗಿನದಕ್ಕಿಂತ ಜಾಸ್ತಿ. ಗೋಡೆ ಹಿಡಿದು ನಿಧಾನ ಇಳಿಯಿರಿ.

ಬೆಳಗ್ಗೆಯೋ, ಊಟ ಆದ ಮೇಲೋ?

ಶುಗರ್ ಇದ್ದವರಿಗೆ ನನ್ನ ಉತ್ತರ ಸ್ಪಷ್ಟ: ಊಟ ಆದ ಮೇಲೆ. ನ್ಯೂಜಿಲೆಂಡಿನಲ್ಲಿ ಟೈಪ್ 2 ಮಧುಮೇಹ ಇದ್ದವರ ಮೇಲೆ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನದಲ್ಲಿ ಯಾವಾಗಲೋ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ಮೇಲಿನ ಶುಗರ್ ಚೆನ್ನಾಗಿ ಇಳಿಯಿತು, ಅದರಲ್ಲೂ ರಾತ್ರಿ ಊಟದ ನಂತರದ ನಡಿಗೆಗೆ ಲಾಭ ಹೆಚ್ಚು. ಕೆಲಸ ಮಾಡುವ ಖಂಡಗಳು ರಕ್ತದ ಸಕ್ಕರೆಯನ್ನು ಆಗಲೇ ಎಳೆದುಕೊಳ್ಳುತ್ತವೆ. ಬೇಸಿಗೆಯಲ್ಲೂ ರಾತ್ರಿ ಓಣಿಯಲ್ಲಿ ಹತ್ತು ನಿಮಿಷ ನಡೆಯಬಹುದು, ನಮ್ಮ ಊರಿಗೆ ಹೇಳಿ ಮಾಡಿಸಿದಂತಿದೆ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಉದ್ದ ನಡೆಯಬೇಡಿ, ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇರಲಿ.

ಬೆಳಗಿನ ಎಳೆಬಿಸಿಲಿಗೆ ಮೈಯೊಡ್ಡಿದರೆ ವಿಟಮಿನ್ ಡಿ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸೂರ್ಯ ಕೆಳಗಿರುವಾಗ ಅದಕ್ಕೆ ಬೇಕಾದ ಕಿರಣ ನೆಲಕ್ಕೆ ತಲುಪುವುದೇ ಕಡಿಮೆ. ಹತ್ತು ಗಂಟೆ ದಾಟಿದ ಬಿಸಿಲಲ್ಲಿ ಕೈ ಕಾಲಿಗೆ ಹತ್ತು ಹದಿನೈದು ನಿಮಿಷ ತಾಗಿದರೆ ಹೆಚ್ಚು ಉಪಯೋಗ. ಮೇ ತಿಂಗಳಲ್ಲಿ ಮಾತ್ರ ಈ ಸಾಹಸ ಬೇಡ. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ, ಹಾಗಾಗಿ ಬಾಯಾರುವ ಮೊದಲೇ ನೀರು, ಮಜ್ಜಿಗೆ ಕುಡಿಯುತ್ತಿರಿ.

ತಾಟಿನಲ್ಲಿ ಏನು?

ರೊಟ್ಟಿಯೋ ಚಪಾತಿಯೋ ಅನ್ನುವ ಜಗಳ ಪ್ರತಿ ಮನೆಯಲ್ಲೂ ಇದೆ. ಬಿಳಿಜೋಳದ ರೊಟ್ಟಿಗೆ ಎಣ್ಣೆ ಬೇಡ, ಅಗಿದು ತಿನ್ನಬೇಕು, ಹೊಟ್ಟೆ ಬೇಗ ತುಂಬುತ್ತದೆ, ಹಾಗಾಗಿ ನನ್ನ ಓಟು ರೊಟ್ಟಿಗೇ. ಆದರೆ ರೊಟ್ಟಿ ತಿಂದರೆ ಶುಗರ್ ಏರುವುದೇ ಇಲ್ಲ ಅನ್ನುವುದು ಸುಳ್ಳು. ಪಿಷ್ಟ, ನಾರು ಎರಡರಲ್ಲೂ ಹೆಚ್ಚು ಕಡಿಮೆ ಸಮ. ಐದು ರೊಟ್ಟಿ ತಿಂದು ಜೋಳದ್ದು ಅಂತ ಸಮಾಧಾನ ಮಾಡಿಕೊಳ್ಳುವುದಕ್ಕಿಂತ ಎರಡು ಚಪಾತಿಯೇ ವಾಸಿ.

ನಿಜವಾದ ಆಯ್ಕೆ ಇರುವುದು ರೊಟ್ಟಿಯ ಪಕ್ಕದಲ್ಲಿ. ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಅನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. 60 ಕೆಜಿಯವರಿಗೆ ಸುಮಾರು 50 ಗ್ರಾಂ. ಖಂಡ ಉಳಿಸಿಕೊಳ್ಳಬೇಕಾದ ಹಿರಿಯರಿಗೆ 1ರಿಂದ 1.2 ಗ್ರಾಂ ಬೇಕು ಅನ್ನುವ ತಜ್ಞರೂ ಇದ್ದಾರೆ. ಈಗ ನಮ್ಮ ಊಟ ಲೆಕ್ಕ ಹಾಕಿ. ಬೆಳಗ್ಗೆ ಚುರುಮುರಿಯ ಸೂಸಲ ಮತ್ತು ಚಹಾದಲ್ಲಿ ಸಿಗುವುದು ಬಹಳ ಕಡಿಮೆ. ಒಂದು ರೊಟ್ಟಿಗೆ ನಾಲ್ಕು ಗ್ರಾಂ ಚಿಲ್ಲರೆ. ತೆಳ್ಳಗಿನ ಸಾರಿನಲ್ಲಿ ಏನೂ ಇಲ್ಲ. ಅದೇ ರೊಟ್ಟಿಯ ಜೊತೆ ಒಂದು ಬಟ್ಟಲು ಮಡಿಕೆ ಕಾಳಿನ ಪಲ್ಯವೋ ಗಟ್ಟಿ ಬೇಳೆಯೋ ಇದ್ದರೆ ಏಳೆಂಟು ಗ್ರಾಂ, ಒಂದು ಹಿಡಿ ಶೇಂಗಾಕ್ಕೆ ಮತ್ತೆ ಏಳು, ಬಟ್ಟಲು ಮೊಸರಿಗೆ ಐದು, ತಿನ್ನುವವರಿಗೆ ಒಂದು ಮೊಟ್ಟೆಗೆ ಆರು. ಕಡಲೆಹಿಟ್ಟಿನ ಜುಣಕ ಮಾಡಿದ ದಿನ ಇನ್ನೂ ಚೆನ್ನ. ಹಲ್ಲು ಹೋಗಿದೆ ಅಂತ ಅಜ್ಜಿಗೆ ಬರೀ ಅನ್ನ-ಸಾರು ಕಲಸಿ ಕೊಡುವ ಮನೆಗಳಲ್ಲಿ ಕಾಳನ್ನು ಮೆತ್ತಗೆ ಬೇಯಿಸಿ ಮಸೆದು ಕೊಡಿ, ಮೊಸರು ತಪ್ಪಿಸಬೇಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಏರಿಸುವ ಮೊದಲು ಡಾಕ್ಟರನ್ನು ಕೇಳಬೇಕು.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಿಕ್ಕ ಚಮಚ, ಎಲ್ಲ ಸೇರಿ. ರಂಜಕ, ಉಪ್ಪಿನಕಾಯಿ, ಹಪ್ಪಳ ಮೂರೂ ತಾಟಿನಲ್ಲಿ ಬಿದ್ದರೆ ಆ ಗಡಿ ಒಂದೇ ಊಟಕ್ಕೆ ಹತ್ತಿರ ಬರುತ್ತದೆ. ಒಂದನ್ನು ಆರಿಸಿಕೊಳ್ಳಿ. ಅಗಸಿ ಅಥವಾ ಗುರೆಳ್ಳು ಚಟ್ನಿಯನ್ನು ಉಪ್ಪು ಕಡಿಮೆ ಹಾಕಿ ಮನೆಯಲ್ಲೇ ಕುಟ್ಟಿದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ತಿಕೋಟಾ ಕಡೆಯಿಂದ ಒಣದ್ರಾಕ್ಷಿ ತರಿಸಿ ಮುಕ್ಕುವವರು, ಶುಗರ್ ಇದ್ದರೆ, ಅದು ಹಣ್ಣಿನ ಲೆಕ್ಕ ಅಲ್ಲ ಸಕ್ಕರೆಯ ಲೆಕ್ಕ ಅಂತ ತಿಳಿಯಿರಿ.

ಬರೀ ಸಸ್ಯಾಹಾರ ತಿನ್ನುವವರು, ಅದರಲ್ಲೂ ಶುಗರ್‌ಗೆ ಕೊಡುವ ಮೆಟ್ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ತೆಗೆದುಕೊಂಡವರು, ವಿಟಮಿನ್ ಬಿ12 ಪರೀಕ್ಷೆ ಒಮ್ಮೆ ಮಾಡಿಸಿ. ಅದು ಕಡಿಮೆಯಾದರೆ ಪಾದ ಜುಮುಗುಟ್ಟುತ್ತದೆ, ತೂಕ ತಪ್ಪಿ ವಾಲುತ್ತದೆ. ಎಷ್ಟೋ ಜನ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ.

ಗುಟ್ಕಾ, ತಂಬಾಕು, ಎಲೆ-ಅಡಿಕೆ ಬಿಡದೆ ಮೇಲಿನದೆಲ್ಲ ಮಾಡಿದರೆ ಉಪಯೋಗ ಅರ್ಧಕ್ಕಿಂತ ಕಡಿಮೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ವ್ಯಾಯಾಮ ಶುರು ಮಾಡುವುದು ಮತ್ತು ಇದನ್ನು ಬಿಡುವುದು, ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯ ಅನ್ನುವವರಿಗೆ ನಾನು ಹೇಳುವುದು ಮೊದಲು ಇದನ್ನು ಬಿಡಿ ಅಂತ.

ಹಾಗಾದರೆ ಯಾರಿಗೆ ಯಾವುದು?

ದಿನಕ್ಕೆ ಅರ್ಧ ತಾಸು ಮಾತ್ರ ಇದೆ ಅನ್ನುವವರು ವಾರದಲ್ಲಿ ಮೂರು ದಿನ ಆ ಹೊತ್ತಿನ ಅರ್ಧವನ್ನು ಕುರ್ಚಿ ಬಸ್ಕಿಗೆ ಕೊಡಿ, ಉಳಿದದ್ದು ನಡಿಗೆಗೆ. ಅಂಗಡಿಯಲ್ಲಿ ಕೂತೇ ಇರುವವರು ತಾಸಿಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ, ಗಲ್ಲೆಯ ಪಕ್ಕದಲ್ಲೇ ಹಿಮ್ಮಡಿ ಎತ್ತಿ. ಮನೆಗೆಲಸದಲ್ಲೇ ದಿನ ಕಳೆಯುವ ಅಕ್ಕಂದಿರು, ವೈನಿಯರು ನಡಿಗೆಗಿಂತ ಬಲದ ವ್ಯಾಯಾಮಕ್ಕೆ ಮೊದಲ ಜಾಗ ಕೊಟ್ಟರೆ ಒಳ್ಳೆಯದು, ಓಡಾಟ ಅವರಿಗೆ ಹೇಗೂ ಆಗಿರುತ್ತದೆ. ಎಪ್ಪತ್ತೈದು ದಾಟಿದವರ ಮನೆಯಲ್ಲಿ ವ್ಯಾಯಾಮಕ್ಕಿಂತ ಮೊದಲು ಬಚ್ಚಲು ನೋಡಿ. ಒದ್ದೆಯಾದ ಶಹಾಬಾದ್ ಕಲ್ಲು, ನುಣುಪು ಟೈಲ್ಸ್ ಮೇಲೆ ಬಿದ್ದು ಸೊಂಟದ ಎಲುಬು ಮುರಿದರೆ ಮೊದಲಿನಂತೆ ನಡೆಯುವವರು ಕಡಿಮೆ. ಗೋಡೆಗೆ ಒಂದು ಹಿಡಿಕೆ ಹಾಕಿಸಿ, ರಾತ್ರಿ ಒಂದು ಚಿಕ್ಕ ಲೈಟ್ ಉರಿಯುತ್ತಿರಲಿ.

ಬಿಪಿಯನ್ನು ಮನೆಯಲ್ಲಿ ನೋಡುವುದಾದರೆ ವಾಕಿಂಗ್‌ನಿಂದ ಬಂದ ಕೂಡಲೇ ನೋಡಬೇಡಿ. ಚಹಾ ಕುಡಿದು ಅರ್ಧ ತಾಸು ಆಗಿರಲಿ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ನೆ ಕೂತು, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಿ. ವ್ಯಾಯಾಮದ ನಡುವೆ ಎದೆ ಬಿಗಿಯಾದರೆ, ಎಡಗೈಯೋ ದವಡೆಯೋ ನೋಯತೊಡಗಿದರೆ, ತಣ್ಣನೆಯ ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿಯುತ್ತ ಕೂಡಬೇಡಿ. ಆ ಗಳಿಗೆಯೇ 108ಕ್ಕೆ ಫೋನ್ ಮಾಡಿ.